ಬಾಗಿಲ ಲೆಕ್ಕದ ಹಣ, ಬಾಗಿಲಿಲ್ಲದವರ ಪಾಡು: ಭಿಕ್ಷಾಟನೆ ನಿಷೇಧ ಕಾಯಿದೆಯ ಒಂದು ವಿಮರ್ಶೆ

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಈ ನಾಲ್ಕು ಊರುಗಳಲ್ಲಿ ಸ್ವಂತ ಮನೆಯುಳ್ಳ ಗೃಹಸ್ಥರು ವರ್ಷಕ್ಕೊಮ್ಮೆ ತಮ್ಮ ಊರಿನ ಪೌರಸಂಸ್ಥೆಗೆ ಆಸ್ತಿತೆರಿಗೆಯನ್ನು ಸಲ್ಲಿಸುತ್ತಾರೆ. ಆ ತೆರಿಗೆಯೊಡನೆ ಕೆಲವು ಉಪಕರಗಳೂ ಸೇರಿ ವಸೂಲಾಗುತ್ತವೆ. ಅವುಗಳಲ್ಲಿ ಆರೋಗ್ಯ ಕರ ನೂರಕ್ಕೆ ೧೫, ಗ್ರಂಥಾಲಯ ಕರ ನೂರಕ್ಕೆ ೬, ಭಿಕ್ಷುಕರ ಕರ ನೂರಕ್ಕೆ ೩. ಎಂದರೆ, ಸಾವಿರ ರೂಪಾಯಿ ತೆರಿಗೆ ಕೊಡುವ ಮನೆಯವರು ಮೂವತ್ತು ರೂಪಾಯಿಗಳನ್ನು, ತಮಗೆ ಅರಿವಿದ್ದೋ ಇಲ್ಲದೆಯೋ, ಭಿಕ್ಷುಕರ ಹೆಸರಿನಲ್ಲಿ ತೆತ್ತಿರುತ್ತಾರೆ. ಗ್ರಂಥಾಲಯ ಕರದ ಫಲವಾಗಿ ಊರಿನಲ್ಲಿ ಒಂದು ಗ್ರಂಥಾಲಯವಾದರೂ ಕಣ್ಣಿಗೆ ಬೀಳುತ್ತದೆ. ಭಿಕ್ಷುಕರ ಕರದ ಫಲವನ್ನು ಊರಿನಲ್ಲಿ ಎಲ್ಲಿ ಕಾಣಬೇಕೆಂದು ಕೇಳಿದರೆ ಉತ್ತರ ಹೇಳಬಲ್ಲ ನಾಗರಿಕರು ವಿರಳ. ಅದೇ ಊರಿನ ಬಸ್ ನಿಲ್ದಾಣದ ಕಂಬದ ಬುಡದಲ್ಲಿಯೋ ದೇವಸ್ಥಾನದ ಹೊರಜಗಲಿಯ ಮೇಲೆಯೋ, ತನ್ನ ಹೆಸರನ್ನೂ ಹೇಳಲಾರದ ಸ್ಥಿತಿಯಲ್ಲಿ ರಾತ್ರಿ ಕಳೆಯುವ ವ್ಯಕ್ತಿಗೂ ಈ ಮೂವತ್ತು ರೂಪಾಯಿಗೂ ಏನು ಸಂಬಂಧವೆಂಬುದೇ ಪ್ರಕೃತ ಲೇಖನದ ವಿಚಾರ.

ನಮ್ಮ ಭಾಷೆಯಲ್ಲಿ ಕಲ್ಲಿನ ಮೇಲಿನ ಬರಹಕ್ಕೂ ಶಾಸನವೆಂದು ಹೆಸರು. ಶಾಸಕಾಂಗವು ಮಾಡುವ ಕಟ್ಟಳೆಗೂ ಶಾಸನವೆಂದೇ ಹೆಸರು. ಚರಿತ್ರೆಯ ವಿದ್ಯಾರ್ಥಿಯು ಶಿಲಾಶಾಸನವನ್ನು ಓದುವಾಗ ಕೆಲವು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಾನೆ. ದತ್ತಿಯನ್ನು ಕೊಟ್ಟವರು ಯಾರು? ಪಡೆದವರು ಯಾರು? ಹಣದ ಮೂಲ ಯಾವುದು? ವಿನಿಯೋಗ ಯಾವ ಕಾರ್ಯಕ್ಕೆ? ಅದಕ್ಕೆ ಭಂಗ ತಂದವರಿಗೆ ವಿಧಿಸಿದ್ದೇನು? ಈ ಪ್ರಶ್ನೆಗಳನ್ನೇ ೧೯೭೫ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಗೂ ಹಾಕಿ ನೋಡಬಹುದು.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯ ಶಾಸನವೊಂದಿದೆ. ಕ್ರಿ. ಶ. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ತೀರಿಸಿದ ಸಂಗತಿ ಅದರಲ್ಲಿದೆ. ಮತಸಹಿಷ್ಣುತೆಯ ನಿದರ್ಶನವಾಗಿ ಆ ಶಾಸನವು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಅದರ ಆರ್ಥಿಕ ಭಾಗವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರಾಜ್ಯದ ಜೈನರು ಬಾಗಿಲ ಲೆಕ್ಕದಲ್ಲಿ ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದನ್ನು ಕೂಡಿಸತಕ್ಕದ್ದು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು ಎಂದು ಅಲ್ಲಿ ಗೊತ್ತುಮಾಡಿದೆ. ಕಟ್ಟಳೆಯನ್ನು ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯಾಗುವನೆಂದು ಎಚ್ಚರಿಕೆಯೂ ಇದೆ.

ಇದನ್ನು ಹಿಂದಿನ ಕಾಲದ ಹೊಗಳಿಕೆಗಾಗಿ ಎತ್ತಿ ಹೇಳುತ್ತಿಲ್ಲ. ಆ ಹಣ ದೇವರ ರಕ್ಷಣೆಗೆ ಸಂದಿತೇ ಹೊರತು ದಿಕ್ಕಿಲ್ಲದವರ ರಕ್ಷಣೆಗಲ್ಲ. ಕೊಡುವ ಭಾರವೂ ದುರ್ಬಲ ಪಕ್ಷದ ಮೇಲೆಯೇ ಬಿದ್ದಿತು. ಗಮನಿಸಬೇಕಾದದ್ದು ಶಾಸನದ ರಚನೆಯನ್ನು. ಮನೆಯ ಲೆಕ್ಕದಲ್ಲಿ ಎತ್ತಿದ ಹಣ ಯಾರ ಕೈಗೆ ಹೋಗುವುದು, ಎಷ್ಟು ಆಳುಗಳಾಗಿ ಕಾಣಿಸಿಕೊಳ್ಳುವುದು, ಉಳಿದರೆ ಏನಾಗುವುದು ಎಂಬುದನ್ನು ಕೊಡುವವನೂ ಪಡೆಯುವವನೂ ಒಂದೇ ಕಲ್ಲಿನ ಮೇಲೆ ಓದಬಹುದಾಗಿತ್ತು. ಈ ಅಳತೆಗೋಲಿನಿಂದ ಈಗ ಆಧುನಿಕ ಶಾಸನವನ್ನು ಪರೀಕ್ಷಿಸೋಣ.

ಮೈಸೂರು ಸಂಸ್ಥಾನದಲ್ಲಿ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯಿದೆ ೧೯೪೪ರಲ್ಲಿಯೇ ಬಂದಿತ್ತು. ರಾಜ್ಯವು ಕರ್ನಾಟಕವೆಂದು ಹೆಸರು ಪಡೆದ ಮೇಲೆ ೧೯೭೫ರ ಕಾಯಿದೆ ಬಂದಿತು. ಇದರ ಪ್ರಕಾರ ಕೇಂದ್ರ ಪರಿಹಾರ ಸಮಿತಿಯೆಂಬ ಸಂಸ್ಥೆಯೂ, ಅದರ ವಶದಲ್ಲಿ ಒಂದು ನಿಧಿಯೂ, ಭಿಕ್ಷುಕರನ್ನು ಹಿಡಿದು ಇರಿಸುವ ಕೇಂದ್ರಗಳೂ ಏರ್ಪಟ್ಟಿವೆ. ಆ ಕೇಂದ್ರಗಳಿಗೆ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂದು ಹೆಸರು. ಹೆಸರಿನಲ್ಲಿ ಪರಿಹಾರವಿದೆ, ಕಾಯಿದೆಯ ಶೀರ್ಷಿಕೆಯಲ್ಲಿ ನಿಷೇಧವಿದೆ. ಒಂದೇ ಶಾಸನವು ಒಂದೇ ವ್ಯಕ್ತಿಯನ್ನು ಪ್ರತಿಗ್ರಾಹಿಯೆಂದೂ ಅಪರಾಧಿಯೆಂದೂ ಕರೆಯುವ ಈ ದ್ವಂದ್ವವೇ ಅದರ ಮೂಲದೋಷವೆಂದು ನಮ್ಮ ಅಭಿಪ್ರಾಯ.

ಈ ದೋಷವು ಭಿಕ್ಷುಕನೆಂಬ ಪದಕ್ಕೆ ಕಾಯಿದೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಸ್ಪಷ್ಟವಾಗುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಬೇಡುವವನು, ಹಾಡುವ ಕುಣಿಯುವ ಶಕುನ ಹೇಳುವ ನೆಪದಿಂದ ಬೇಡುವವನು, ಹುಣ್ಣು ಗಾಯಗಳನ್ನು ತೋರಿಸಿ ಬೇಡುವವನು ಇವರೆಲ್ಲರನ್ನು ಹೇಳಿದ ಮೇಲೆ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿಯೋ ಗುಡಿ ಮಸೀದಿಗಳ ಬಳಿಯಲ್ಲಿಯೋ ತಿರುಗುತ್ತ, ಬೇಡಿಯೇ ಬದುಕುತ್ತಿರಬೇಕೆಂದು ಊಹಿಸಲು ಎಡೆಕೊಡುವ ಸ್ಥಿತಿಯಲ್ಲಿರುವವನೂ ಭಿಕ್ಷುಕನೇ ಎಂದು ಸೇರಿಸಿದೆ. ಮೊದಲ ಮೂರು ಬಗೆಯವರು ಏನನ್ನಾದರೂ ಮಾಡಿದವರು. ಕೊನೆಯವನು ಏನನ್ನೂ ಮಾಡಿದವನಲ್ಲ, ಇದ್ದವನು ಮಾತ್ರ. ಕೆದರಿದ ತಲೆ, ಹರಿದ ಬಟ್ಟೆ, ತನಗೆ ತಾನೇ ಆಡಿಕೊಳ್ಳುವ ಮಾತು ಇವೇ ಅವನ ಮೇಲಿನ ಸಾಕ್ಷ್ಯ. ಮನೋರೋಗದಿಂದ ನರಳುತ್ತ ಮನೆಯಿಂದ ತಪ್ಪಿಸಿಕೊಂಡು ಬಂದವನ ಹೊರಲಕ್ಷಣಗಳೂ ಇವೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವನು ಯಾರ ಮುಂದೆಯೂ ಕೈಯೊಡ್ಡದೆ ಇರಬಹುದು. ಕೊಟ್ಟ ಅನ್ನವನ್ನು ತಳ್ಳಿರಲೂಬಹುದು. ಆದರೂ ತೋರಿಕೆಯ ಆಧಾರದ ಮೇಲೆ ವ್ಯಾಖ್ಯೆಯೊಳಗೆ ಬಂದುಬಿಡುತ್ತಾನೆ.

ನಮ್ಮ ನಾಡಿನ ಪರಂಪರೆಯಲ್ಲಿ ಭಿಕ್ಷೆ ಎಂಬುದು ಒಂದೇ ಅರ್ಥದ ಮಾತಾಗಿರಲಿಲ್ಲ. ಜಂಗಮನ ಭಿಕ್ಷೆ, ಜೈನ ಮುನಿಯ ಆಹಾರ, ವಿದ್ಯಾರ್ಥಿಯ ವಾರಾನ್ನ ಇವು ಕೊಡುವವನಿಗೂ ಪಡೆಯುವವನಿಗೂ ಅವಮಾನವನ್ನು ತರತಕ್ಕವಾಗಿರಲಿಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂಬ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡರು. ಇನ್ನೊಂದು ಕಡೆ ಶರಣರು ದುಡಿಯದೆ ಉಣ್ಣುವುದನ್ನು ಒಪ್ಪಲಿಲ್ಲ. ಸೋಮಾರಿತನವನ್ನು ತಡೆಯಬೇಕೆಂಬ ಕಾಯಿದೆಯ ಉದ್ದೇಶಕ್ಕೆ ಕಾಯಕತತ್ತ್ವದ ಬೆಂಬಲವಿದೆಯೆಂದು ಯಾರಾದರೂ ವಾದಿಸಿದರೆ ಅದನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು. ಆದರೆ ಶರಣರಲ್ಲಿ ಕಾಯಕದೊಡನೆ ದಾಸೋಹವೂ ಇತ್ತು. ದುಡಿಯಬಲ್ಲವನು ದುಡಿಯಬೇಕು, ದುಡಿಯಲಾರದವನಿಗೆ ಸಮುದಾಯವು ಉಣಿಸಬೇಕು ಎಂಬ ಎರಡು ಕಟ್ಟಳೆಗಳಲ್ಲಿ ೧೯೭೫ರ ಕಾಯಿದೆ ಮೊದಲನೆಯದನ್ನು ಪೊಲೀಸರಿಗೆ ಒಪ್ಪಿಸಿತು. ಎರಡನೆಯದನ್ನು ನೂರಕ್ಕೆ ಮೂರರ ಕರವಾಗಿ ಮಾಡಿ ಊರಿನಿಂದಾಚೆಗೆ ಸಾಗಿಸಿತು.

ಸಾಗಿದ ಹಣ ಎಲ್ಲಿಗೆ ತಲುಪುತ್ತದೆಂಬುದು ಮುಂದಿನ ಪ್ರಶ್ನೆ. ಕಾಯಿದೆಯ ಪ್ರಕಾರ ಪೌರಸಂಸ್ಥೆಗಳು ಕರವನ್ನು ವಸೂಲುಮಾಡಿ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಿಸಬೇಕು. ವಸೂಲಾದುದು ಸಕಾಲದಲ್ಲಿ ಸಂದಾಯವಾಗದೆ ಬಾಕಿ ನಿಲ್ಲುವ ವಿಷಯವು ಬೆಂಗಳೂರು ಪಾಲಿಕೆಯ ಸಂಬಂಧವಾಗಿ ಹಲವು ಸಲ ಸಾರ್ವಜನಿಕ ಚರ್ಚೆಗೆ ಬಂದಿದೆ. ಸಂದಾಯವಾದ ಹಣದ ಫಲವೇನೆಂಬುದಕ್ಕೆ ೨೦೧೦ರ ಘಟನೆ ಸಾಕ್ಷಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅನೇಕ ಮಂದಿ ತೀರಿಕೊಂಡರು. ವರ್ಷದ ಮೊದಲಿನಿಂದ ಅಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿದ್ದಿತೆಂಬುದು ಆಗ ಬೆಳಕಿಗೆ ಬಂದಿತು. ಹಾಗೆ ಇರಿಸಿಕೊಂಡಿದ್ದವರಲ್ಲಿ ಮನೋರೋಗಿಗಳು ಹಲವರಿದ್ದರೆಂಬುದೂ ಬೆಳಕಿಗೆ ಬಂದಿತು. ಅದೇ ಕಾಲದಲ್ಲಿ ಕೇಂದ್ರಕ್ಕೆ ಸೇರಿದ ನೂರಕ್ಕೂ ಹೆಚ್ಚು ಎಕರೆ ನೆಲವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸುವ ವಿಚಾರವು ತೀವ್ರ ವಿವಾದಕ್ಕೆ ಗುರಿಯಾಗಿತ್ತು. ಬೆಳೆಯುವ ನಗರದಲ್ಲಿ ನೆಲದ ಬೆಲೆ ಏರಿದಂತೆ ಆ ನೆಲದ ಮೇಲೆ ಇರುವವರ ಬೆಲೆ ಇಳಿಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಹಾಸನ ಜಿಲ್ಲೆಯ ಊರುಗಳ ಮನೆಯವರು ತೆತ್ತ ಕರವೂ ಇದೇ ವ್ಯವಸ್ಥೆಯನ್ನೇ ಸೇರತಕ್ಕದ್ದಾದ್ದರಿಂದ, ಇದು ರಾಜಧಾನಿಯ ಸಂಗತಿ, ನಮ್ಮದಲ್ಲ ಎಂದು ಸುಮ್ಮನಿರುವಂತಿಲ್ಲ.

ಈಗ ಇನ್ನೊಂದು ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲೆಯುವ ಮನೋರೋಗಿಗಳ ಬಗ್ಗೆ ನಮ್ಮ ದೇಶದ ಕಾಯಿದೆಗಳು ಬಳಸಿರುವ ಕ್ರಿಯಾಪದಗಳಲ್ಲಿಯೇ ಒಂದು ಚರಿತ್ರೆಯಿದೆ. ೧೯೧೨ರ ಇಂಡಿಯನ್ ಲೂನಸಿ ಆಕ್ಟ್ ಅಂಥವರನ್ನು ಪೊಲೀಸ್ ಠಾಣೆಯ ಅಧಿಕಾರಿಯು ದಸ್ತಗಿರಿ ಮಾಡಬಹುದೆಂದಿತು. ೧೯೮೭ರ ಮಾನಸಿಕ ಆರೋಗ್ಯ ಕಾಯಿದೆ ದಸ್ತಗಿರಿಯೆಂಬ ಮಾತನ್ನು ಬಿಟ್ಟು, ಅವರನ್ನು ರಕ್ಷಣೆಗೆ ತೆಗೆದುಕೊಳ್ಳಬಹುದೆಂದಿತು. ೨೦೧೭ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯ ೧೦೦ನೆಯ ಪ್ರಕರಣವು ರಕ್ಷಣೆಗೆ ತೆಗೆದುಕೊಳ್ಳುವುದನ್ನು ಅಧಿಕಾರಿಯ ಕರ್ತವ್ಯವನ್ನಾಗಿ ಮಾಡಿತು. ಬೆಂಗಳೂರಿನ ಹಳೆಯ ‘ಲೂನಟಿಕ್ ಅಸೈಲಂ’ ೧೯೨೫ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಆಗಿ, ಅದೇ ಪರಂಪರೆಯಿಂದ ೧೯೭೪ರಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡ ಬೆಳವಣಿಗೆಗೂ ಕಾಯಿದೆಯ ಮಾತು ಹೀಗೆ ಮೃದುವಾದುದಕ್ಕೂ ಸಂಬಂಧವಿದೆ. ಸೆರೆಯ ಭಾವನೆ ಹಿಂದೆ ಸರಿದು ಚಿಕಿತ್ಸೆಯ ಭಾವನೆ ಮುಂದೆ ಬಂದಿತು.

೨೦೧೭ರ ಕಾಯಿದೆ ಹೇಳುವ ಕ್ರಮವನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ರಕ್ಷಣೆಗೆ ತೆಗೆದುಕೊಂಡವರನ್ನು ಸಾಧ್ಯವಾದಷ್ಟು ಬೇಗ, ೨೪ ಗಂಟೆಗಳನ್ನು ಮೀರದಂತೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಠಾಣೆಯ ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇಡಕೂಡದು. ಆಸ್ಪತ್ರೆಗೆ ಸೇರಿಸಿಕೊಳ್ಳುವಷ್ಟು ರೋಗವಿಲ್ಲವೆಂದು ವೈದ್ಯರು ಹೇಳಿದರೆ ಅವರ ಮನೆಗೆ, ಮನೆಯಿಲ್ಲದಿದ್ದರೆ ವಸತಿಹೀನರಿಗಾಗಿ ಸರ್ಕಾರ ಏರ್ಪಡಿಸಿದ ನೆಲೆಗೆ ತಲುಪಿಸಬೇಕು. ಕಾಣೆಯಾದವರೆಂದು ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಿ ಕುಟುಂಬವನ್ನು ಹುಡುಕುವುದೂ ಠಾಣಾಧಿಕಾರಿಯ ಹೊಣೆ. ನಿರ್ಗತಿಕರಿಗೆ ಹಾಗೂ ಮನೆಯಿಲ್ಲದವರಿಗೆ, ಬಡತನದ ಚೀಟಿ ಇಲ್ಲದಿದ್ದರೂ, ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಹೋಗಲು ಮನೆಯಿಲ್ಲವೆಂಬ ಒಂದೇ ಕಾರಣದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡಿರಲೂ ಬಾರದು.

ಹೀಗಿರುವಲ್ಲಿ, ಬಸ್ ನಿಲ್ದಾಣದ ಕಂಬದ ಬುಡದಲ್ಲಿರುವ ನಮ್ಮ ವ್ಯಕ್ತಿಯು ಯಾವ ಶಾಸನಕ್ಕೆ ಸೇರಿದವನು? ೧೯೭೫ರ ಕಾಯಿದೆಯ ಕಣ್ಣಿಗೆ ಅವನು ಹಿಡಿಯತಕ್ಕವನು. ೨೦೧೭ರ ಕಾಯಿದೆಯ ಕಣ್ಣಿಗೆ ಕಾಪಾಡತಕ್ಕವನು. ಇಬ್ಬರೂ ಒಬ್ಬನೇ. ಅವನ ಪಾಡು ಯಾವ ಕಡೆಗೆ ತಿರುಗುವುದೆಂಬುದು ಅವನ ರೋಗವನ್ನಾಗಲಿ ನಡತೆಯನ್ನಾಗಲಿ ಅವಲಂಬಿಸದೆ, ಆ ದಿನ ಯಾವ ಇಲಾಖೆಯ ವಾಹನ ಮೊದಲು ಬಂದಿತೆಂಬುದನ್ನು ಅವಲಂಬಿಸುತ್ತದೆ. ಜಾತ್ರೆ, ಉತ್ಸವ, ಗಣ್ಯರ ಭೇಟಿ ಮುಂತಾದ ಸಂದರ್ಭಗಳಲ್ಲಿ ಮೊದಲು ಬರುವ ವಾಹನ ಯಾವುದೆಂದು ಊಹಿಸುವುದು ಕಷ್ಟವಲ್ಲ. ಯಾವ ಶಾಸನದಲ್ಲಿಯೂ ಇಲ್ಲದ ಮೂರನೆಯ ದಾರಿಯೊಂದು ನಮ್ಮ ನಾಡಿನ ಸಣ್ಣ ಊರುಗಳಿಗೆಲ್ಲ ಪರಿಚಿತವಾದದ್ದು: ಅಂಥವರನ್ನು ಬಸ್ಸಿಗೋ ಲಾರಿಗೋ ಹತ್ತಿಸಿ ಮುಂದಿನ ಊರಿಗೆ ಸಾಗಹಾಕುವುದು. ಹೀಗೆ ಸಾಗಿಹೋದವರಿಗೆ ತಮ್ಮ ಊರಿನ ನಂಟು ಪ್ರತಿಯೊಂದು ಪಯಣದಿಂದಲೂ ಇನ್ನಷ್ಟು ಕಡಿಯುತ್ತದೆ. ಕುಟುಂಬವನ್ನು ಹುಡುಕುವ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ.

ಸ್ಥಳೀಯ ಸ್ಥಿತಿಯನ್ನು ನೋಡಿದರೆ ಸಮಸ್ಯೆ ಇನ್ನೂ ಸ್ಪಷ್ಟವಾಗುತ್ತದೆ. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದರ ಬೋಧನಾ ಆಸ್ಪತ್ರೆಯೂ ಇವೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಅಲ್ಲಿಂದ ಸುಮಾರು ೩೦ರಿಂದ ೪೦ ಕಿಲೋಮೀಟರುಗಳ ದೂರದಲ್ಲಿವೆ. ಆದುದರಿಂದ ಚಿಕಿತ್ಸೆಯ ನೆಲೆ ಜಿಲ್ಲೆಯಲ್ಲಿಯೇ ಇದೆ. ಕಡಿಮೆ ಬೀಳುವುದು ಅಲ್ಲಿಗೆ ಹೋಗುವ ದಾರಿ, ಮತ್ತು ಅಲ್ಲಿಂದ ಹೊರಬಂದ ಮೇಲಿನ ನೆಲೆ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯಲ್ಲಿ ಗೊತ್ತುಮಾಡಿದ್ದ ನಿಯಮದಂತೆ ಒಂದು ಲಕ್ಷ ನಗರ ಜನಸಂಖ್ಯೆಗೆ ನೂರು ಮಂದಿ ತಂಗಬಹುದಾದ ಒಂದು ಶಾಶ್ವತ ನೆಲೆ ಇರತಕ್ಕದ್ದಾಗಿತ್ತು. ೨೦೧೧ರ ಜನಗಣತಿಯಂತೆ ಹಾಸನ ನಗರ ಒಂದು ಲಕ್ಷವನ್ನು ದಾಟಿದೆ. ಉಳಿದ ಮೂರು ಊರುಗಳಲ್ಲಿ ಯಾವುದೂ ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಎಂದರೆ, ಮನೋರೋಗಿಯನ್ನು ವಸತಿಹೀನರ ನೆಲೆಗೆ ತಲುಪಿಸಬೇಕೆಂದು ಒಂದು ಶಾಸನ ಹೇಳುತ್ತದೆ. ಅಂಥ ನೆಲೆಯ ಲೆಕ್ಕಕ್ಕೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಬಾರದಂತೆ ಇನ್ನೊಂದು ನಿಯಮ ಹೇಳಿತ್ತು. ಆದರೆ ಭಿಕ್ಷುಕರ ಕರ ಎತ್ತುವುದಕ್ಕೆ ಜನಸಂಖ್ಯೆಯ ಇಂಥ ಮಿತಿಯಿಲ್ಲ. ಪಟ್ಟಣ ಪಂಚಾಯಿತಿಯಿರುವ ಅರಕಲಗೂಡಿನ ಮನೆಯೂ ಪುರಸಭೆಯಿರುವ ಚನ್ನರಾಯಪಟ್ಟಣದ ಮನೆಯೂ ಮಹಾನಗರದ ಮನೆಯಂತೆಯೇ ನೂರಕ್ಕೆ ಮೂರನ್ನು ತೆರಬೇಕು.

ಎಣಿಕೆಯ ವಿಷಯದಲ್ಲಿಯೂ ಒಂದು ಮಾತು. ೨೦೧೧ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ ೨೮ರ ಒಂದು ರಾತ್ರಿಯಲ್ಲಿ ಎಣಿಸಲಾಯಿತು. ದೇಶದಲ್ಲಿ ಅವರ ಸಂಖ್ಯೆ ೧೭ ಲಕ್ಷ ೭೦ ಸಾವಿರವನ್ನು ಮೀರಿತ್ತು. ಮನೆಯಲ್ಲಿರುವವರನ್ನು ಎಣಿಸಲು ವಾರಗಳೇ ಬೇಕಾಗಿರುವಾಗ, ಬೆಳಕಿಗೆ ಹೆದರಿ ಸರಿದುಹೋಗುವವರನ್ನು ಒಂದು ರಾತ್ರಿಯಲ್ಲಿ ಎಷ್ಟರಮಟ್ಟಿಗೆ ಎಣಿಸಬಹುದೆಂಬುದನ್ನು ವಾಚಕರೇ ವಿವೇಚಿಸಬಹುದು.

ಇಷ್ಟಾದರೂ ಈ ವಿಷಯ ನಮ್ಮ ಪೌರಸಭೆಗಳ ಚರ್ಚೆಗೆ ಬರುವುದು ಅಪರೂಪ. ಕಾರಣವನ್ನು ಸದಸ್ಯರ ನಿರ್ದಯೆಯಲ್ಲಿ ಹುಡುಕುವುದು ನ್ಯಾಯವಲ್ಲ. ನಗರ ರಾಜಕೀಯದ ಅಡಿಪಾಯವೇ ಮನೆಯ ಸಂಖ್ಯೆ. ತೆರಿಗೆ ಮನೆಯ ಮೇಲೆ, ನಲ್ಲಿ ಮನೆಗೆ, ಪಡಿತರ ಚೀಟಿ ಮನೆಗೆ, ಮತದಾರರ ಪಟ್ಟಿಯೂ ಮನೆಯ ಸಂಖ್ಯೆಯ ಕ್ರಮದಲ್ಲಿ. ವಾರ್ಡಿನ ಪ್ರತಿನಿಧಿಯು ಮತ್ತೆ ಮತ್ತೆ ಹೋಗಿ ನಿಲ್ಲುವುದು ಬಾಗಿಲುಗಳ ಮುಂದೆ. ಬಾಗಿಲಿಲ್ಲದವನು ಅವನಿಗೆ ಮತದಾರನಾಗಿ ಎದುರಾಗುವುದಿಲ್ಲ; ಬಾಗಿಲುಳ್ಳವರು ಹೇಳುವ ದೂರಿನ ವಿಷಯವಾಗಿ ಮಾತ್ರ ಎದುರಾಗುತ್ತಾನೆ. ಕಾನೂನು ಇದನ್ನು ಬಯಸಿರಲಿಲ್ಲ. ಮನೆಯಿಲ್ಲದವರು ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಹೇಳಿದರೆ, ಮತಗಟ್ಟೆ ಮಟ್ಟದ ಅಧಿಕಾರಿಯು ರಾತ್ರಿ ಹೋಗಿ ನೋಡಿ ಹೆಸರು ಸೇರಿಸಲು ಚುನಾವಣಾ ಆಯೋಗದ ಸೂಚನೆಯಿದೆ. ಚಿತ್ತಸ್ವಾಸ್ಥ್ಯವಿಲ್ಲವೆಂಬ ಕಾರಣದಿಂದ ಹೆಸರನ್ನು ಬಿಡಬೇಕಾದರೂ ೧೯೫೦ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಸಮರ್ಥ ನ್ಯಾಯಾಲಯದ ಘೋಷಣೆ ಬೇಕು. ನೆರೆಹೊರೆಯವರ ಅಭಿಪ್ರಾಯ ಸಾಲದು. ೧೯೯೨ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ, ಅಂಗವಿಕಲರನ್ನೂ ಬುದ್ಧಿಮಾಂದ್ಯರನ್ನೂ ಒಳಗೊಂಡ ದುರ್ಬಲ ವರ್ಗಗಳ ಹಿತರಕ್ಷಣೆಯನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದೆಂದು ಎಣಿಸಿದೆ. ಆದುದರಿಂದ, ಇದು ನಮ್ಮ ಸಭೆಯ ಕೆಲಸವಲ್ಲ ಎಂಬ ಮಾತು ಸಂವಿಧಾನದ ಮುಂದೆ ನಿಲ್ಲುವಂಥದಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಭಿಕ್ಷಾಟನೆಯು ಕೆಲವು ಕಡೆ ದಂಧೆಯಾಗಿದೆ, ಮಕ್ಕಳನ್ನೂ ಅಂಗವಿಕಲರನ್ನೂ ಬೇಡಲು ಹಚ್ಚಿ ಹಣ ಮಾಡುವವರಿದ್ದಾರೆ, ಕಾಯಿದೆಯನ್ನು ಸಡಿಲಿಸಿದರೆ ಅಂಥವರಿಗೆ ಲಾಭವಾಗುವುದು ಎನ್ನುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಪ್ರಯಾಣಿಕರ, ವ್ಯಾಪಾರಿಗಳ ತೊಂದರೆಯೂ ಸುಳ್ಳಲ್ಲ. ಆದರೆ ಇತರರನ್ನು ಬೇಡಲು ಹಚ್ಚುವವನನ್ನು ಶಿಕ್ಷಿಸಲು, ಬೇಡಲೂ ಅರಿಯದ ರೋಗಿಯನ್ನು ವ್ಯಾಖ್ಯೆಯೊಳಗೆ ತರಬೇಕಾದ ಅಗತ್ಯವೇನು? ೨೦೧೮ರ ಆಗಸ್ಟ್ ೮ರಂದು ದೆಹಲಿ ಉಚ್ಚ ನ್ಯಾಯಾಲಯವು, ಅಲ್ಲಿ ಜಾರಿಯಲ್ಲಿದ್ದ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯಲ್ಲಿ ಬೇಡುವುದನ್ನೇ ಅಪರಾಧವನ್ನಾಗಿ ಮಾಡಿದ್ದ ಭಾಗಗಳನ್ನು ಅಸಂವಿಧಾನಿಕವೆಂದು ತೊಡೆದುಹಾಕಿತು. ಬಲವಂತದಿಂದ ಬೇಡಿಸುವವರ ವಿರುದ್ಧ ಬೇರೆ ಕಾನೂನು ಮಾಡಲು ಸರ್ಕಾರಕ್ಕೆ ಅವಕಾಶವನ್ನು ಉಳಿಸಿತು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬೇಡುವವರನ್ನು ಬೀದಿಯಿಂದ ತೆಗೆಸಬೇಕೆಂಬ ಕೋರಿಕೆಯನ್ನು ಒಪ್ಪದೆ, ಬಡತನವೇ ಅದರ ಮೂಲವೆಂದು ಎತ್ತಿ ತೋರಿಸಿತು. ದಂಧೆಯನ್ನೂ ದುರವಸ್ಥೆಯನ್ನೂ ಬೇರ್ಪಡಿಸುವುದು ಸಾಧ್ಯವೆಂಬುದಕ್ಕೆ ಈ ತೀರ್ಪುಗಳೇ ಆಧಾರ.

ಮೇಲ್ಕಂಡ ವಿಮರ್ಶೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದಾಗಿ, ೧೯೭೫ರ ಕಾಯಿದೆಯ ವ್ಯಾಖ್ಯೆಯಿಂದ ‘ಕಾಣುವ ಜೀವನೋಪಾಯವಿಲ್ಲದೆ ತಿರುಗುವವನು’ ಎಂಬ ಭಾಗವನ್ನು ತೆಗೆಯಬೇಕು. ಮನೋರೋಗದ ಸಂಶಯವಿರುವಲ್ಲೆಲ್ಲ ೨೦೧೭ರ ಕಾಯಿದೆಗೇ ಪ್ರಾಶಸ್ತ್ಯವೆಂದು ಸ್ಪಷ್ಟವಾಗಿ ಬರೆಯಬೇಕು. ಎರಡನೆಯದಾಗಿ, ವಸೂಲಾದ ಕರದಲ್ಲಿ ಗೊತ್ತಾದ ಒಂದು ಪಾಲು ತಾಲ್ಲೂಕಿನಲ್ಲಿಯೇ ಉಳಿಯುವಂತೆ ನಿಯಮವನ್ನು ತಿದ್ದಬೇಕು. ನೂರು ಮಂದಿಯ ನೆಲೆ ಅರಕಲಗೂಡಿಗೆ ಬೇಕಿಲ್ಲ. ಹತ್ತು ಮಂದಿ ಮಲಗಬಹುದಾದ ಕೋಣೆ, ಸ್ನಾನಕ್ಕೆ ನೀರು, ಹಾಸನದ ಆಸ್ಪತ್ರೆಗೆ ಕರೆದೊಯ್ಯಲು ವಾಹನದ ವೆಚ್ಚ, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಒಬ್ಬ ಪರಿಚಾರಕ ಇಷ್ಟು ಸಾಕು. ಮೂರನೆಯದಾಗಿ, ಎಷ್ಟು ಕರ ಬಂದಿತು, ಎಷ್ಟು ಹೊರಗೆ ಹೋಯಿತು, ಎಷ್ಟು ಉಳಿಯಿತು, ಎಷ್ಟು ಮಂದಿಗೆ ಸಂದಿತು ಎಂಬುದನ್ನು ಪೌರಸಂಸ್ಥೆಯು ವರ್ಷಕ್ಕೊಮ್ಮೆ ತನ್ನ ಕಚೇರಿಯ ಹೊರಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಸಬೇಕು.

ಈ ಮೂರರಲ್ಲಿ ಮೊದಲನೆಯ ಎರಡಕ್ಕೆ ವಿಧಾನಮಂಡಲವೂ ಸರ್ಕಾರವೂ ಮನಸ್ಸುಮಾಡಬೇಕು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪೌರಸಂಸ್ಥೆಗಳ ಆಯವ್ಯಯ ಪತ್ರ ಸಾರ್ವಜನಿಕ ದಾಖಲೆ. ಶಾಸನಗಳ ಪಡಿಯಚ್ಚು ತೆಗೆಯುವುದನ್ನು ನಮ್ಮ ವಿದ್ಯಾರ್ಥಿಗಳು ಶ್ರದ್ಧೆಯಿಂದ ಕಲಿಯುತ್ತಾರೆ. ತಮ್ಮ ಊರಿನ ಆಯವ್ಯಯ ಪತ್ರದಲ್ಲಿ ಭಿಕ್ಷುಕರ ಕರದ ಒಂದು ಸಾಲನ್ನು ಹುಡುಕಿ, ಐದು ವರ್ಷಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಸಂದಾಯದ ದಾಖಲೆಯೊಡನೆ ಹೋಲಿಸಿ ನೋಡುವುದೂ ಅಷ್ಟೇ ಯೋಗ್ಯವಾದ ಸಂಶೋಧನೆ. ನಾಲ್ಕು ಊರುಗಳ ಕಾಲೇಜುಗಳಲ್ಲಿ ನಾಲ್ವರು ವಿದ್ಯಾರ್ಥಿಗಳು ಈ ಕೆಲಸವನ್ನು ಕೈಕೊಂಡರೆ, ಮುಂದಿನ ಪೌರಸಭೆಯ ಆಯವ್ಯಯದ ಚರ್ಚೆಯಲ್ಲಿ ಸದಸ್ಯರಾದವರು ಉತ್ತರ ಹೇಳಬೇಕಾದ 질ಪ್ರಶ್ನೆಯೊಂದು ಸಿದ್ಧವಾಗುತ್ತದೆ.